ಬರ್ತೀನಿ ಅಂದವಳು

ಟ್ರಂಕು ಜೀಪಿಗೆ ಏರಿತ್ತು, ಹಗ್ಗವನ್ನೂ ಬಿಗಿದಾಗಿತ್ತು. ಡ್ರೈವರು ಹಾರನ್ ಒತ್ತುತ್ತಲೇ ಇದ್ದ. ದಾದಿ ಮಾತ್ರ ಮಿಷನ್ನಿನ ಹೆರಿಗೆ ಕೋಣೆ ಬಿಟ್ಟು ಕದಲಿರಲಿಲ್ಲ. ಕುದಿಸಿದ ಕತ್ತರಿ ಯಾವ ಡಬ್ಬಿಯಲ್ಲಿದೆ, ತೊಳೆದ ಕೈಗವಸು ಯಾವ ತಂತಿಗೆ ಹಾಕಬೇಕು, ರಬ್ಬರ್ ಶೀಟಿನ ಯಾವ ಮೂಲೆ ಹರಿದಿದೆ ಎಂದು ಹೊಸ ದಾದಿಗೆ ಹೇಳಿದ್ದನ್ನೇ ಹೇಳುತ್ತಿದ್ದಳು. ಹೊಸಬಳು ಚುರುಕು ಕೈಯವಳು, ಒಂದೇ ಸಲಕ್ಕೆ ಎಲ್ಲ ತಿಳಿದುಕೊಂಡಿದ್ದಳು. ಆದರೂ ಹಿರಿಯಳ ಮುಖ ನೋಡಿ ಸುಮ್ಮನೆ ತಲೆಯಾಡಿಸುತ್ತಿದ್ದಳು.

ದಾದಿ ಊರಿಗೆ ಹೋಗಲೇಬೇಕಿತ್ತು. ಕಡಲಾಚೆ ತಂಗಿಗೆ ದಿನ ತುಂಬುತ್ತಿತ್ತು. ಆ ತಂಗಿಯನ್ನು ಹೆತ್ತೇ ಅಮ್ಮ ತೀರಿಕೊಂಡದ್ದು. ಎತ್ತಿ ಆಡಿಸಿ ಸಾಕಿದವಳು ಅಕ್ಕ. ಅಮ್ಮನಿಗಾದದ್ದೇ ತನಗೂ ಆಗುತ್ತದೆಂಬ ಭಯ ತಂಗಿಯ ಎದೆಯಲ್ಲಿ ಗೂಡು ಕಟ್ಟಿಕೊಂಡಿತ್ತು. ನನ್ನ ಹೆರಿಗೆಗೆ ನೀನೇ ಇರಬೇಕು, ಬೇರೆ ಯಾರೂ ಬೇಡ ಎಂದು ಫೋನಿನಲ್ಲಿ ಹಟ ಹಿಡಿದಿದ್ದಳು. ಲೋಕದ ಹೆಂಗಸರಿಗೆಲ್ಲ ಹೆರಿಗೆ ಮಾಡಿಸುವ ಅಕ್ಕ ಸ್ವಂತ ತಂಗಿಗೆ ಒದಗದಿದ್ದರೆ ಅವಳೆಂಥ ಅಕ್ಕ?

ಹಾಗೆ ನೋಡಿದರೆ ದಾದಿಯನ್ನು ಆ ಪರದೇಶದಲ್ಲಿ ಯಾರೂ ಕಟ್ಟಿಹಾಕಿರಲಿಲ್ಲ. ಕಟ್ಟಿಹಾಕಿದ್ದು ಅವಳದೇ ನಾಲಿಗೆ.

ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗ್ತೀನಿ' ಅನ್ನುವುದುಂಟೇ? ಅಂದರೆ 'ಬಿಡ್ತು ಅನ್ನು' ಎಂದು ಹಿರಿಯರು ಗದರುತ್ತಾರೆ. ದಾದಿಯ ಅಪ್ಪ ಚರ್ಚಿನಲ್ಲಿ ಉಪದೇಶಿ. ಶಕುನ ಗಿಕುನ ನಂಬಬೇಡಿ ಎಂದು ಭಾನುವಾರ ಬೋಧಿಸಿದ ಅದೇ ಮನುಷ್ಯ, ಸೋಮವಾರ 'ಬರ್ತೀನಿ' ಅನ್ನದೆ ಹೊಸಿಲು ದಾಟುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಟ ಅಮ್ಮನೂ ಬಾಗಿಲಲ್ಲಿ ನಿಂತು "ಬರ್ತೀನಿ ಕಂದ" ಅಂದಿದ್ದಳು. ಆ ಮನೆಯಲ್ಲಿ ಫೋನ್ ಇಡುವಾಗಲೂ 'ಬರ್ತೀನಿ'ಯೇ.

ಇಲ್ಲಿಗೆ ಬಂದ ಹೊಸದರಲ್ಲಿ, ಮೊದಲ ಬಾಣಂತಿಯ ಮನೆಯಿಂದ ಹೊರಡುವಾಗ, ದಾದಿ ಅದನ್ನೇ ತಾನು ಅರೆಬರೆ ಕಲಿತ ಭಾಷೆಗೆ ತಿರುಗಿಸಿ 'ಬರ್ತೀನಿ' ಅಂದುಬಿಟ್ಟಳು. ಹೊರಡುವಾಗ 'ಚೆನ್ನಾಗಿರಿ' ಅಂದು ನಡೆದುಬಿಡುವ ಜನ ಅವರು. 'ಬರ್ತೀನಿ' ಅಂದರೆ ಅವರಿಗೆ ಬರುತ್ತೇನೆ ಎಂದೇ ಅರ್ಥ. ಆ ಬಾಣಂತಿ ಕತ್ತಲಾಗುವವರೆಗೂ ಬಾಗಿಲು ತೆರೆದಿಟ್ಟು ಕೂತಿದ್ದಳಂತೆ. ಮರುದಿನ ಸುದ್ದಿ ತಿಳಿದು ದಾದಿ ನಕ್ಕಳು, ನಾಚಿಕೊಂಡಳು, ಹೋಗಿ ಮಗುವನ್ನು ನೋಡಿಯೂ ಬಂದಳು. ಎಡವಟ್ಟಾದದ್ದು ಅಲ್ಲೇ. ಓಣಿಗೆ ಓಣಿಯೇ ಅವಳನ್ನು 'ಬರ್ತೀನಮ್ಮ' ಎಂದು ಕರೆಯತೊಡಗಿತು.

ಆಮೇಲೆ 'ಚೆನ್ನಾಗಿರಿ' ಅನ್ನಲು ಅವಳು ಕಡಿಮೆ ಪಾಡು ಪಡಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದಳು. ಹೊಸಿಲ ಬಳಿ ಬಂದಾಗ ನಾಲಿಗೆ ತನ್ನ ಪಾಡಿಗೆ ತಾನು 'ಬರ್ತೀನಿ' ಅಂದುಬಿಡುತ್ತಿತ್ತು. ಅಂದಮೇಲೆ ಹೋಗದೆ ವಿಧಿಯಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಳೆದ ಸಲದ ರಜೆ ಮುಳುಗಿದ್ದು ಹೀಗೆ, ಅದರ ಹಿಂದಿನದೂ ಹೀಗೆಯೇ. ಮಿಷನ್ ನಡೆಸುತ್ತಿದ್ದ ದೊಡ್ಡ ಸಿಸ್ಟರ್ ಮಾತ್ರ, ದೇವರು ನಿಮ್ಮ ಬಾಯಲ್ಲಿ ಒಳ್ಳೆಯ ಮಾತು ಇಟ್ಟಿದ್ದಾನೆ ಎಂದು ಹೊಗಳುತ್ತಿದ್ದರು. ಇಟ್ಟದ್ದು ದೇವರಲ್ಲ, ನಮ್ಮಮ್ಮ ಎಂದು ದಾದಿ ಬಾಯಿ ಬಿಡಲಿಲ್ಲ.

ಅಂತೂ ಜೀಪು ಹತ್ತಿದಳು. ಇನ್ನೇನು ಗೇಟು ದಾಟಬೇಕು, ದರ್ಜಿ ಎದುರು ಬಂದು ನಿಂತ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅವನ ಹೆಂಡತಿ ಹಿಂದೆ ಹೆತ್ತ ಎರಡು ಕೂಸೂ ಉಳಿದಿರಲಿಲ್ಲ. ಈ ಸಲ ಮಗು ತಲೆ ಮೇಲಾಗಿ ಕೂತಿತ್ತು. ದಾದಿ ಹೋದ ವಾರವಷ್ಟೇ ಅವಳ ಹೊಟ್ಟೆ ಮುಟ್ಟಿ ನೋಡಿ, ತನ್ನ ಬದಲು ಹೊಸಬಳು ಬರುತ್ತಾಳೆ, ಹೆದರಬೇಡ ಎಂದು ತಿಳಿಹೇಳಿ, ಎಲ್ಲ ಸರಿಯಾಗಿ ಮಾಡಿ, ಹೊಸಿಲಲ್ಲಿ ಕೆಡಿಸಿಕೊಂಡಿದ್ದಳು.

ನೋವು ಶುರುವಾಗಿದೆ ಎಂದ ದರ್ಜಿ. ಹೊಸ ದಾದಿಯನ್ನು ಕರೆದುಕೊಂಡು ಹೋಗಪ್ಪ ಅಂದಳು ದಾದಿ.

"ಒಳಗಿಂದ ಅಗಳಿ ಹಾಕ್ಕೊಂಡಿದ್ದಾಳೆ. ಬೇರೆ ಯಾರೂ ಬೇಡ, ಅವರು ಬರ್ತೀನಿ ಅಂದಿದ್ದಾರೆ ಅಂತಾಳೆ. ಈ ಸಲ ಅವಳಿಗೆ ಭಯಾನೇ ಇಲ್ಲ."

ದಾದಿ ಜೀಪಿನಿಂದ ಇಳಿಯಲಿಲ್ಲ. ಇಳಿದರೆ ಕೆಟ್ಟೆ ಎಂದು ಅವಳಿಗೆ ಗೊತ್ತಿತ್ತು. ಕೂತಲ್ಲಿಂದಲೇ ಹೇಳಿದಳು, "ನೋಡಣ್ಣ, ನಮ್ಮ ಭಾಷೇಲಿ ಹೊರಡೋವಾಗ ಹೋಗ್ತೀನಿ ಅನ್ನಬಾರ್ದು. ಅದಕ್ಕೆ ಬರ್ತೀನಿ ಅಂತೀವಿ. ಅದು ಬರೋ ಮಾತಲ್ಲ, ಹೊರಡೋ ಮಾತು."

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ಹಾಗಾದ್ರೆ ಇಷ್ಟು ವರ್ಷ ನಮಗೆಲ್ಲ ಹೋಗ್ತೀನಿ ಅಂತಲೇ ಹೇಳ್ತಾ ಇದ್ರಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಹೊರಟೇ ಹೋಗುತ್ತಿದ್ದಳು. ವಿಮಾನ ನಮಗೋಸ್ಕರ ಕಾಯೋದಿಲ್ಲ ಎಂದು ಡ್ರೈವರು ಗೊಣಗಿದ. ಅಲ್ಲಿ ತಂಗಿ, ಇಲ್ಲಿ ಅಗಳಿ ಹಾಕಿಕೊಂಡವಳು. ಇಬ್ಬರದೂ ಒಂದೇ ಹಟ, ಬೇರೆ ಯಾರೂ ಬೇಡ. ಬಾಯಿಗೆ ಬಿದ್ದ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಾದಿಗೆ ದರ್ಜಿಯ ಮೇಲೆ ಕೋಪ ಬಂತು, ಅವನ ಹೆಂಡತಿಯ ಮೇಲೆ ಬಂತು, ಏನೂ ತಪ್ಪು ಮಾಡದ ತಂಗಿಯ ಮೇಲೂ ಬಂತು. ಹಾಗೆ ಕೋಪಿಸಿಕೊಂಡೇ ಇಳಿದಳು. ಡ್ರೈವರು ಟ್ರಂಕನ್ನು ಗೇಟಿನ ಬಳಿ ಇಳಿಸಿ ಹೊರಟುಹೋದ.

ದರ್ಜಿಯ ಮನೆಯೆಂದರೆ ಒಂದೇ ಕೋಣೆ, ಒಂದೇ ಕಿಟಕಿ. ಹೊಲಿಗೆ ಯಂತ್ರ, ಬಟ್ಟೆ ಚೂರುಗಳ ಮೂಟೆ, ಮಂಚ ಸೇರಿದರೆ ಕಾಲಿಡಲು ಜಾಗವಿಲ್ಲ. ದಾದಿ ಬಾಗಿಲ ಹೊರಗೆ ನಿಂತು "ಬಂದೆ" ಅಂದಳು. ಅಗಳಿ ಸರಿಯಿತು. ಆಮೇಲೆ ಮಂಚದ ಮೇಲಿದ್ದವಳು ಅವಳ ಸೆರಗನ್ನು ಬಿಟ್ಟರೆ ಕೇಳಿ. ಮಗು ಬುಡ ಮುಂದಾಗಿ ಬಂತು, ಕಾಲು ಬಂತು, ತೋಳು ಬಂತು, ತಲೆ ಮಾತ್ರ ಸತಾಯಿಸಿತು. ಇಂಥಲ್ಲಿ ಎಳೆಯಬಾರದು, ಕಾಯಬೇಕು. ಜೊತೆಗೆ ಬಂದಿದ್ದ ಹೊಸ ದಾದಿ ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿದಳು, ಚೆನ್ನಾಗಿಯೇ ಹಿಡಿದಳು. ಮಗು ಹೊರಬಂದು ಕೋಣೆ ಒಡೆಯುವ ಹಾಗೆ ಅತ್ತಿತು. ದರ್ಜಿ ಹೊರಗೆ ಗೋಡೆಗೆ ಮುಖ ಮಾಡಿ ಅತ್ತ. ದಾದಿಗೂ ಸಂತೋಷವಾಯಿತು. ಆ ಸಂತೋಷವೇ ತಂಗಿಗೆ ಬಗೆದ ದ್ರೋಹದಂತೆ ಅವಳಿಗೆ ಕಂಡಿತು.

ಕೈ ತೊಳೆದು ಹೊರಟಳು. ಹೊಸಿಲ ಬಳಿ ತುಟಿ ಕಚ್ಚಿ ಹಿಡಿದಳು. ಮಂಚದಿಂದ ಬಾಣಂತಿ ನೋಡುತ್ತಿದ್ದಳು.

"ಬರ್ತೀನಿ," ಅಂದಳು ದಾದಿ.

ಮಿಷನ್ನಿನ ಆಫೀಸಿನಲ್ಲಿ ದೊಡ್ಡ ಸಿಸ್ಟರ್ ಫೋನನ್ನು ಅವಳ ಮುಂದೆ ಸರಿಸಿ ಎದ್ದು ಹೋದರು. ಮುಂದಿನ ಜೀಪು ಬರುವುದು ಬರುವ ತಿಂಗಳು. ದಾದಿ ತಂಗಿಗೆ ಎಲ್ಲ ಹೇಳಿದಳು: ಜೀಪು ತಪ್ಪಿದ್ದು, ದರ್ಜಿಯ ಹೆಂಡತಿ, ತಲೆ ಸತಾಯಿಸಿದ ಮಗು. ನಿಮ್ಮೂರಿನ ಡಾಕ್ಟರಮ್ಮ ನನಗಿಂತ ಜಾಣೆ, ನಿನ್ನ ಮಗು ಸರಿಯಾಗಿಯೇ ಕೂತಿದೆಯಂತೆ, ಹೆದರಬೇಡ ಎಂದಳು. ತಂಗಿ ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದಳು. ಅವಳು ಹೂಂಗುಟ್ಟುತ್ತ ಕೇಳಿಸಿಕೊಂಡಳು, ಅಷ್ಟೇ.

"ಧೈರ್ಯವಾಗಿರು. ಸರಿ, ಬರ್ತೀನಿ," ಅಂದಳು ದಾದಿ.

"ಅಕ್ಕಾ," ಅಂದಳು ತಂಗಿ, "ನೀನೀಗ ಬರ್ತೀನಿ ಅಂದ್ಯಾ, ಇಲ್ಲ ಫೋನ್ ಇಡ್ತೀನಿ ಅಂದ್ಯಾ?"

ದಾದಿ ರಿಸೀವರನ್ನು ಕಿವಿಗೊತ್ತಿ ನಿಂತೇ ಇದ್ದಳು. ಆ ಕಡೆ ತಂಗಿ ಕಾಯುತ್ತಿದ್ದಳು.