ಹಳಬರ ಎಲೆ ಎತ್ತದ ಗಣಪತಿಯವರು

ಮೇ ತಿಂಗಳ ನಡುಹಗಲಿನಲ್ಲಿ, ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಬೆವರಿನಲ್ಲೇ ಒಬ್ಬರಿಗೊಬ್ಬರು ಅಂಟಿಕೊಂಡು ಸಾಗುತ್ತಿರುವಾಗ, ತುಂಬುತೋಳಿನ ಬೂದು ಸ್ವೆಟರಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಪಕ್ಕದ ಕಂಬಿ ಹಿಡಿದು, ಒಂದೊಂದು ಮೆಟ್ಟಿಲನ್ನೂ ಪರೀಕ್ಷಿಸುವವರಂತೆ ಇಳಿದು ಬರುವ ವ್ಯಕ್ತಿ ಕಂಡರೆ ಅವರು ನಮ್ಮ ಡೊಂಬಿವ್ಲಿಯ ಗಣಪತಿಯವರೆಂದು ಕಣ್ಣು ಮುಚ್ಚಿ ಹೇಳಬಹುದು. ಮೈಸೂರಿನಿಂದ ಬಂದು, ನವಿಮುಂಬಯಿಯ ಒಂದು ಕಂಪನಿಯ ಸರ್ವರ್ ಕೋಣೆಯ ಶೀತದಲ್ಲಿ ಆಯುಷ್ಯ ಸವೆಸಿದವರು. ಅವರು ನಿವೃತ್ತರಾದರೂ ಆ ಚಳಿ ಅವರ ಮೂಳೆಯಿಂದ ನಿವೃತ್ತವಾಗಿಲ್ಲ.

"ಸೆಕೆ ಆಗೋದಿಲ್ವಾ ಸಾರ್?" ಎಂದು ಒಮ್ಮೆ ಕೇಳಿದ್ದೆ.

"ಆಗತ್ತೆ. ತೆಗೆದ್ರೆ ಚಳಿ ಆಗತ್ತೆ," ಎಂದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಓದುವುದು ಅವರ ಇನ್ನೊಂದು ಚಟ. ಕಾವ್ಯವಲ್ಲ, ಪುರಾಣವಲ್ಲ, ಕುಕ್ಕರಿನ ಜೊತೆ ಬರುವ ಪುಸ್ತಿಕೆ, ಫ್ಯಾನಿನ ಡಬ್ಬಿಯ ಬೆನ್ನು, ಔಷಧದ ಪೊಟ್ಟಣದಲ್ಲಿ ಇರುವೆಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಮಡಿಸಿಟ್ಟ ಚೀಟಿ. ಪೂರ್ತಿ ಓದದೆ ಯಾವುದನ್ನೂ ಮುಟ್ಟುವವರಲ್ಲ. "ಇವರು ಮಾತ್ರೆ ಚೀಟಿ ಓದಿ ಮುಗಿಸೋಷ್ಟರಲ್ಲಿ ನನ್ನ ಜ್ವರ ತಾನಾಗೇ ಇಳಿದಿರತ್ತೆ," ಎನ್ನುತ್ತಾರೆ ಅವರ ಹೆಂಡತಿ ನಳಿನಿ.

ಇಂಥ ಮನುಷ್ಯನಿಗೆ ಒಲಿದ ವಿದ್ಯೆಯೂ ಅಂಥದ್ದೇ. ಪೈಥಾನ್ ಮೊದಲಾದ ಕಂಪ್ಯೂಟರ್ ಭಾಷೆಗಳನ್ನು ಈಗಿನವರು ಸಿದ್ಧ ಪೊಟ್ಟಣದಲ್ಲಿ ತಂದು ಹಾಕಿಕೊಳ್ಳುತ್ತಾರೆ. ಗಣಪತಿಯವರು ಅವನ್ನು ಸೋರ್ಸಿನಿಂದ, ಎಂದರೆ ಬರೆದವರ ಮೂಲ ಬರಹದಿಂದಲೇ, ಯಾವ ಯಂತ್ರಕ್ಕೆ ಬೇಕೋ ಅದರ ಮೇಲೆಯೇ ತಯಾರಿಸುತ್ತಾರೆ. ಕಂಪೈಲ್ ಮಾಡಿದೆ ಎನ್ನುವುದಿಲ್ಲ, "ಕಟ್ಟಿದೆ" ಎನ್ನುತ್ತಾರೆ. "ಮನೆ ಕಟ್ಟಿ ಅಂದ್ರೆ ಕಟ್ಟಲಿಲ್ಲ, ಫ್ಲ್ಯಾಟ್ ತಗೊಂಡ್ರು. ಕಟ್ಟಿದ್ದೆಲ್ಲ ಇದೇ," ಎಂದು ಇದಕ್ಕೂ ನಳಿನಿಯವರ ಭಾಷ್ಯವುಂಟು.

ಟೆಲಿಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಕೀರಲು ದನಿ ತೆಗೆದುಕೊಂಡು ಬರುತ್ತಿದ್ದ ಕಾಲದಲ್ಲಿ ಅವರು ಆಫೀಸಿನಲ್ಲಿ ಇಳಿಸಿಕೊಂಡ ಸೋರ್ಸನ್ನು ಸೀಡಿಗೆ ಬರೆದು, ಕರವಸ್ತ್ರದಲ್ಲಿ ಸುತ್ತಿ, ಎಳೆಗೂಸನ್ನು ಅವಚಿಕೊಂಡಂತೆ ಎದೆಗೆ ಅವಚಿಕೊಂಡು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತುತ್ತಿದ್ದರು. ನಡುವೆ ದಿವಾ ಸ್ಟೇಷನ್ನಿನಲ್ಲಿ ಇಳಿಯುವವರ ಮೊಣಕೈಗೆ ಸಿಕ್ಕಿ ಸೀಡಿ ಮುರಿದ ದಿನ, ಡೊಂಬಿವ್ಲಿಯ ಪ್ಲಾಟ್‌ಫಾರ್ಮಿನಿಂದಲೇ ತಿರುಗಿ ಆಫೀಸಿಗೆ ಹೋದರಂತೆ. ಆಮೇಲೆ ಸಂಜೆಯೆಲ್ಲ ಪರದೆಯ ಮೇಲೆ ಅಕ್ಷರಗಳು ಜಾರುವುದನ್ನು ನೋಡುತ್ತ ಕೂರುವುದು, ಪಕ್ಕದ ಮನೆಯವರು ಧಾರಾವಾಹಿ ನೋಡುವುದಕ್ಕಿಂತ ಹೆಚ್ಚು ತಲ್ಲೀನರಾಗಿ. ಆ ಸಂಜೆಗಳ ಮಾತು ಬಂದಾಗ ಅವರ ಮುಖದಲ್ಲಿ ಮೂಡುವ ಬೆಳಕು ಮದುವೆಯ ಫೋಟೋದಲ್ಲಿ ಕೂಡ ಇಲ್ಲ, ನಾನು ನೋಡಿದ್ದೇನೆ.

ಹಳೆಯ ಕಸೂತಿ ಯಂತ್ರ ಕೊಂಡು ಹೊಸದನ್ನೂ ನೂಲನ್ನೂ ಮಾರುವುದು ನನ್ನ ವ್ಯಾಪಾರ. ಹೋದ ವರ್ಷ ಕಾಮೋಠೆಯ ಪುಷ್ಪಾವತಿಯಕ್ಕನ ಯಂತ್ರ ನನ್ನ ಕಣ್ಣಿಗೆ ಬಿದ್ದಿತು. ಕಾರ್ಕಳದ ಕಡೆಯವರು, ಒಂದು ಗಾಲಾದಲ್ಲಿ, ಎಂದರೆ ಸಣ್ಣ ಕಾರ್ಖಾನೆಯ ಮಳಿಗೆಯಲ್ಲಿ, ಶಾಲೆಯ ಸಮವಸ್ತ್ರಗಳಿಗೆ ಲಾಂಛನ ಹೊಲಿದುಕೊಡುತ್ತಾರೆ. ಕಸೂತಿ ಯಂತ್ರಕ್ಕೆ ಚಿತ್ರ ಕೊಡುವುದು ಹಳೆಯ ಲಿನಕ್ಸ್ ವ್ಯವಸ್ಥೆಯ ಒಂದು ಕಂಪ್ಯೂಟರು. ಎರಡನ್ನೂ ಜೋಡಿಸುವ ಕಾರ್ಡು ಬೇರೆ ಯಾವ ಹೊಸ ವ್ಯವಸ್ಥೆಯೊಡನೆಯೂ ಮಾತಾಡದು. ಆ ಸಲ ಶಾಲೆಯವರು ಲಾಂಛನವನ್ನು ಹೊಸ ಬಗೆಯ ಫೈಲಿನಲ್ಲಿ ಕಳಿಸಿದ್ದರು. ಅದನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಪ್ರೋಗ್ರಾಮಿಗೆ ಹೊಸ ಪೈಥಾನ್ ಬೇಕು; ಅಷ್ಟು ಹಳೆಯ ಲಿನಕ್ಸಿಗೆ ಅದನ್ನು ಸಿದ್ಧರೂಪದಲ್ಲಿ ಯಾರೂ ಕೊಡುವುದಿಲ್ಲ. ಶಾಲೆ ತೆರೆಯುವ ಮುನ್ನ ಲಾಂಛನ ಮುಟ್ಟದಿದ್ದರೆ ಆ ಕೆಲಸ ಬೇರೆಯವರ ಪಾಲು; ಅದೊಂದು ಹೋದರೆ ಗಾಲಾಕ್ಕೆ ಬೀಗ.

ಗಣಪತಿಯವರನ್ನು ಕರೆದೊಯ್ದವನು ನಾನೇ. ವೈದ್ಯರೇ ಕೈಚೆಲ್ಲಿದ ಮೇಲೆ ಹೊಸ ಯಂತ್ರದ ಮಾತೆತ್ತುವುದು ಸುಲಭವೆಂಬುದು ನನ್ನ ಲೆಕ್ಕ.

"ಯಾವ ವರ್ಷದ್ದಮ್ಮಾ ಇದು?" ಎಂದರು ಗಣಪತಿಯವರು.

"ನಮ್ಮ ಮಾನಸಿ ಶಾಲೆಗೆ ಸೇರಿದ ವರ್ಷ ತಂದದ್ದು ಸರ್. ಅವಳದ್ದು ಕಾಲೇಜು ಮುಗೀತು, ಇದು ಇನ್ನೂ ಇಲ್ಲೇ ಕೂತಿದೆ."

"ಇದರೊಳಗಿನ ಹಳೇ ಪೈಥಾನ್ ಕಿತ್ತು ಹೊಸದು ಹಾಕಿದ್ರೆ ಆಯ್ತಲ್ಲ?" ಎಂದೆ ನಾನು, ತಿಳಿದವನಂತೆ.

ಅವರು ನನ್ನತ್ತ ತಿರುಗಿದರು. "ಈ ಯಂತ್ರದ ಎಷ್ಟೋ ಕೆಲಸ ಆ ಹಳೇದರ ಮೇಲೇ ಒರಗಿದೆ ಕಣ್ರೀ. ಕಿತ್ರೆ ಎಲ್ಲಾ ಮಲಗತ್ತೆ. ಹೊಸಬ್ರು ಬಂದ್ರೂಂತ ಊಟಕ್ಕೆ ಕೂತ ಹಳಬರ ಎಲೆ ಎತ್ತಬಾರದು. ಪಕ್ಕದಲ್ಲಿ ಇನ್ನೊಂದು ಎಲೆ ಹಾಕ್ಬೇಕು."

ಅವರ ಆಫೀಸಿನಲ್ಲಿ ಹೀಗೆಯೇ ಎಲೆ ಎತ್ತಿದ್ದರು. ಬೇಡವೆಂದು ಹೇಳಿದ ಇವರನ್ನು ಬದಿಗೆ ಸರಿಸಿ, ಹೊಸ ಮ್ಯಾನೇಜರು ಹಳೆಯದರ ಮೇಲೆಯೇ ಹೊಸದನ್ನು ಹೇರಿಸಿದ್ದರಿಂದ ಇಡೀ ವಿಭಾಗ ಕೈಕಟ್ಟಿ ಕೂತಿತ್ತು. ಸರಿಪಡಿಸಲು ಇವರನ್ನೇ ಕರೆದರು. ಸರಿಯಾದ ಮೇಲೆ ಹೂಗುಚ್ಛ ಕೊಟ್ಟು ಅವಧಿಗೆ ಮುಂಚೆಯೇ ಬೀಳ್ಕೊಟ್ಟರು.

ಕೆಲಸ ಸಾಗಿತು. ದೊಡ್ಡ ಊಟಕ್ಕೆ ಒಲೆ ಹೊತ್ತಿಸುವ ಮುನ್ನ ಅಡುಗೆಯ ಭಟ್ಟರು ಉಗ್ರಾಣದ ಬಾಗಿಲಲ್ಲಿ ನಿಂತು ವಿಚಾರಿಸುವಂತೆ ಪರದೆ ಯಂತ್ರವನ್ನು ಒಂದೊಂದಾಗಿ ಕೇಳುತ್ತಿತ್ತು: ಅದು ಇದೆಯೇ? ಇದೆ. ಇದು? ಇದೆ. ಮತ್ತೊಂದು? ಇಲ್ಲ. ಆ "ಇಲ್ಲ" ಜಾರಿಹೋದ ಹೊತ್ತಿಗೆ ನಾನು ಗಣಪತಿಯವರ ಕಿವಿಯಲ್ಲಿ ಹೊಸ ಯಂತ್ರದ ಗುಣಗಾನ ಮಾಡುತ್ತಿದ್ದೆ. ಮಧ್ಯಾಹ್ನದ ಊಟದ ವೇಳೆ ದಾಟಿದ ಮೇಲೆ ಪೈಥಾನೇನೋ ಎದ್ದು ನಿಂತಿತು, ಆದರೆ ಒತ್ತಿ ಕಿರಿದಾಗಿಸಿದ ಫೈಲನ್ನು ಬಿಚ್ಚುವ ಭಾಗವೇ ಅದರಲ್ಲಿರಲಿಲ್ಲ. ಅಂಥದ್ದೇ ಫೈಲಿನಲ್ಲಿದ್ದ ಶಾಲೆಯ ಚಿತ್ರ ತೆರೆಯಲೊಲ್ಲದು.

ಪುಷ್ಪಾವತಿಯಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಸಾಕು ಸರ್, ನಿಮಗೂ ಉಪದ್ರ. ಜಯಶೀಲಣ್ಣ, ಆ ಹೊಸ ಮೆಷಿನ್ನಿನ ಕಾಗದ ಉಂಟಲ್ಲ, ಕೊಡಿ. ಫ್ಲ್ಯಾಟ್ ಅಡವಿಟ್ಟಾದ್ರೂ ತಗೊಳ್ಳುವ."

ಕಾಗದ ನನ್ನ ಚೀಲದಲ್ಲೇ ಇತ್ತು. ಪೆನ್ನೂ ಇತ್ತು.

"ಸಹಿ ಹಾಕ್ಬೇಡಿ," ಎಂದರು ಗಣಪತಿಯವರು, ಪರದೆಯಿಂದ ಕಣ್ಣು ತೆಗೆಯದೆ. "ತಪ್ಪು ಮೆಷಿನ್ದಲ್ಲ. ಅದು ಇಲ್ಲ ಅಂತ ಹೇಳ್ತು, ನಾನು ಕೇಳಿಸ್ಕೊಳ್ಳಲಿಲ್ಲ. ಜಯಶೀಲ, ನೀವು ಹೊರಗೆ ಕೂತ್ಕೊಳ್ಳಿ."

ಹೊರಗೆ ಕೂತೆ. ಒಳಗೆ ಅವರು ಕೊರತೆಯಾದ ತುಣುಕನ್ನು ಮೊದಲು ಕಟ್ಟಿ, ಪೈಥಾನನ್ನು ಮತ್ತೆ ಮೊದಲಿನಿಂದ ಕಟ್ಟಿದರು. ಪುಷ್ಪಾವತಿಯಕ್ಕ ತಂದಿಟ್ಟ ಚಹಾ ಎರಡು ಸಲ ತಣ್ಣಗಾಯಿತು. ಹೊತ್ತು ಇಳಿಯುವಾಗ ಸೂಜಿಗಳು ಒಮ್ಮೆಲೇ ಸದ್ದು ಮಾಡತೊಡಗಿದವು. ಬಾಗಿಲಿನಿಂದ ಇಣುಕಿದರೆ, ನೀಲಿ ಬಟ್ಟೆಯ ಮೇಲೆ ಹಳದಿ ನೂಲಿನಲ್ಲಿ ಶಾಲೆಯ ಸೂರ್ಯ ಅರ್ಧ ಮೂಡಿದ್ದ.

"ಮಮ್ಮೀ, ಬಘ್, ಏಕದಮ್ ಬರೋಬರ್!" ಎಂದು ಮಗಳು ಮಾನಸಿ ಮರಾಠಿಯಲ್ಲಿ ಕೂಗಿದಳು, ನೋಡಮ್ಮ, ಸರಿಯಾಗಿ ಬರುತ್ತಿದೆ ಎಂದು.

"ಓಡ್ತದೆ ಮಾರಾಯ್ರೆ, ಓಡ್ತದೆ!" ಎಂದು ನಕ್ಕ ಪುಷ್ಪಾವತಿಯಕ್ಕ ಬಾಗಿಲಿಗೆ ಬಂದರು. "ಜಯಶೀಲಣ್ಣನ ಮುಖ ನೋಡಿ, ಸೂತಕದ ಮನೆಯವರ ಹಾಗೆ!"

ಗಣಪತಿಯವರು ಮಾತ್ರ ಇನ್ನೂ ಎದ್ದಿರಲಿಲ್ಲ. ಹಳೆಯ ಪೈಥಾನಿನ ಹೆಸರನ್ನು ಟೈಪು ಮಾಡಿ, ಅದು ತನ್ನ ಹಳೆಯ ಸಂಖ್ಯೆಯನ್ನೇ ಹೇಳಿಕೊಂಡು ಓಗೊಟ್ಟ ಮೇಲೆ, "ಇದಾರೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಮೂರನೆಯ ಸಲದ ಚಹಾಕ್ಕೆ ಕೈ ಚಾಚಿದರು.

ಇಂಥವರನ್ನು ಹಳೆಯದಕ್ಕೆ ಜೋತುಬಿದ್ದವರೆಂದು ಕರೆಯುವುದು ನಮ್ಮಂಥ ಮಾರುವವರಿಗೆ ಅನುಕೂಲ. ಹೊಸದನ್ನು ಅವರಷ್ಟು ಶ್ರದ್ಧೆಯಿಂದ ಬರಮಾಡಿಕೊಳ್ಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರ ಭಾರ ಯಾರ ಹೆಗಲ ಮೇಲಿದೆಯೆಂದು ನೋಡಿಕೊಳ್ಳದೆ ಏನನ್ನೂ ಅಲುಗಿಸರು, ಅಷ್ಟೆ. ಅಂಥವರು ಓಣಿಗೊಬ್ಬರಂತೆ ಇದ್ದುಬಿಟ್ಟರೆ ನನ್ನ ಅಂಗಡಿ ಮುಚ್ಚುವುದು ನಿಶ್ಚಯ. ಆದರೆ ಪುಷ್ಪಾವತಿಯಕ್ಕ ಈಗಲೂ ನೂಲು ಕೊಳ್ಳುವುದು ನನ್ನಲ್ಲೇ. ಆ ದಿನ ಅವರ ಗಾಲಾಕ್ಕೆ ಬೀಗ ಬಿದ್ದಿದ್ದರೆ ಅದೂ ಇರುತ್ತಿರಲಿಲ್ಲ. ಊರಿನಲ್ಲಿ ಗಿರಾಕಿಗಳನ್ನು ಉಳಿಸಿಕೊಡುವವರು ಕೊನೆಗೂ ನಮ್ಮ ಸರಕನ್ನು ಬೇಡವೆನ್ನುವ ಈ ಜನವೇ ಏನೋ.