ಸೆಣಬಿನ ಚೀಲ

ಸಸಿ ನೆಡುವ ಮುಂಚೆ ಚೀಲ ಹರಿಯುವುದು ಶಿವಗಂಗಾಳ ಕೈಗೆ ಅಂಟಿದ ಅಭ್ಯಾಸ. 2019ರ ಮಳೆಗಾಲದಲ್ಲಿ ಅವಳು ದುಡಿಯುತ್ತಿದ್ದ ಕೂಡ್ಲಿಗಿಯ ಸಸಿತೋಟಕ್ಕೆ ಹೊಸ ಚೀಲಗಳು ಬಂದವು. ನೋಡಲು ಪ್ಲಾಸ್ಟಿಕ್ಕೇ, ಆದರೆ ಸೆಣಬಿನ ಗಿಡದಿಂದ ಮಾಡಿದ್ದು.

“ಹರೀಬ್ಯಾಡ್ರಿ, ಹಂಗೇ ನೆಡ್ರಿ. ಮಣ್ಣಾಗ ಕರಗತೈತಿ,” ಎಂದ ಮೇಸ್ತ್ರಿ ಹೊನ್ನೂರಸ್ವಾಮಿ. ರಸ್ತೆಬದಿ ಹಾರಾಡುವ ಕರಿ ಚೀಲಗಳ ಕಾಟ ತಪ್ಪಿತೆಂದು ಅವಳಿಗೂ ಖುಷಿಯಾಯಿತು.

ಬೇಸಿಗೆಯಲ್ಲಿ ದಿಬ್ಬದ ಮೇಲೆ ಚೀಲದ ಸಮೇತ ನೆಟ್ಟಿದ್ದ ಬೇವಿನ ಸಸಿಗಳು ಬಾಡಿದವು. ಒಂದನ್ನು ಕಿತ್ತು ನೋಡಿದಳು. ಚೀಲ ಇದ್ದಂತೆಯೇ ಇತ್ತು. ಒಳಗೆ ಬೇರು ಸಿಂಬೆಯಂತೆ ಸುತ್ತಿಕೊಂಡಿತ್ತು.

“ಸುಳ್ಳು ಹೇಳಿ ಸಸಿ ಸಾಯಿಸಿದ್ರಲ್ರೀ ಮೇಸ್ತ್ರಿ!” ಎಂದು ಹರಿಹಾಯ್ದಳು.

ಅವನು ಅವಳನ್ನು ಬೋರಿಂಗಿನ ಬಳಿ ಕರೆದೊಯ್ದ. ಕೊಡ ತುಂಬುವಾಗ ಚೆಲ್ಲಿದ ನೀರು ಹರಿಯುವಲ್ಲಿ, ಅಂಥದೇ ಚೀಲದಲ್ಲಿ ನೆಟ್ಟ ಬೇವು ಎದೆಯುದ್ದ ಬೆಳೆದಿತ್ತು. ಬುಡ ಕೆದರಿದರೆ ಚೀಲದ ಚೂರೂ ಸಿಗಲಿಲ್ಲ.

“ಸುಳ್ಳಲ್ಲ ಶಿವಗಂಗಕ್ಕ. ಕರಗಾಕ ಅದಕ್ಕೂ ತೇವ ಬೇಕು.”

“ದಿಬ್ಬದಾಗ ಅಷ್ಟು ನೀರಿದ್ರ ಬೇವು ಯಾಕ್ರಿ, ಬಾಳಿ ಹಚ್ಚತಿದ್ವಿ!”

ಮುಂದಿನ ಮಳೆಗೆ ಅವಳು ಚೀಲ ಹರಿದೇ ನೆಟ್ಟಳು. ಹರಿದವನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದು ಬೋರಿಂಗಿನ ಕೆಸರಿನಲ್ಲಿ ಹೂತಳು.

“ನೀರು ನಿನ್ನ ತನಕ ಬರಂಗಿಲ್ಲ,” ಎಂದಳು ಚೀಲಕ್ಕೆ. “ನೀನ ಬಾ.”