ಗಟ್ಟಿಯಾದ ಅಂಗಾಲು

"ಬರಿಗಾಲಲ್ಲಿ ಬರೋರು ದೀಪಾವಳಿಯಿಂದ್ಲೇ ಚಪ್ಪಲಿ ಬಿಡ್ರಿ. ದಾರಿಯಾಗೆ ಬೊಬ್ಬೆ ಎದ್ರೆ ಮಲ್ಲಯ್ಯ ಬಂದು ಹೊತ್ಕೊಂಡು ಹೋಗಲ್ಲ" ಎಂದಿದ್ದ ತಿಪ್ಪೇಶಪ್ಪ. ಯುಗಾದಿಗೆ ಮುಂಚೆ ಜಗಳೂರಿನಿಂದ ಶ್ರೀಶೈಲದ ಮಲ್ಲಯ್ಯನ ಗುಡಿಗೆ ನಡೆದು ಹೋಗುವ ತಂಡಕ್ಕೆ ಅವನೇ ಹಿರಿಯ.

ಹಾಗಾಗಿ ಸವಳಂಗದ ಅಡಿಕೆ ವ್ಯಾಪಾರಿ ಮುರುಗೇಶಪ್ಪ ಮತ್ತು ಅವನ ಹೆಂಡತಿ ರುದ್ರಾಣಿ ಹಬ್ಬದ ದಿನವೇ ಚಪ್ಪಲಿ ಕಳಚಿ ಅಟ್ಟಕ್ಕೆ ಹಾಕಿದರು. ಮಗಳು ಸಂಧ್ಯಾರಾಣಿಯ ಕೂಸಿಗೆ ಹೃದಯದ ಆಪರೇಷನ್ ಆಗುವಾಗ, ಕೂಸು ಉಳಿದರೆ ಇಬ್ಬರೂ ಬರಿಗಾಲಲ್ಲಿ ನಡೆದು ಬರುತ್ತೇವೆಂದು ಮುರುಗೇಶಪ್ಪ ಹರಕೆ ಹೊತ್ತಿದ್ದ. ಕೂಸು ಉಳಿಯಿತು. ಈಗ ಗೋಡೆ ಹಿಡಿದು ನಿಲ್ಲುತ್ತಿತ್ತು.

ದಿನಾ ಬೆಳಗ್ಗೆ ಸೂರಗೊಂಡನಕೊಪ್ಪದ ಕಡೆಗೆ ನಡಿಗೆ. ರುದ್ರಾಣಿಯ ಕಾಲು ಮೊದಲ ವಾರದಲ್ಲೇ ಸೋತವು. ಹಿಮ್ಮಡಿ ಒಡೆದು, ಜಲ್ಲಿ ಚುಚ್ಚಿದಲ್ಲೆಲ್ಲ ನೆತ್ತರು ಹೆಪ್ಪುಗಟ್ಟಿ, ಅವಳು ರಸ್ತೆ ಬಿಟ್ಟು ಹುಲ್ಲಿನ ಅಂಚು ಹಿಡಿಯುತ್ತಿದ್ದಳು. ಮುರುಗೇಶಪ್ಪ ಮಾತ್ರ ಮದುವೆಮನೆಯ ಜಮಖಾನದ ಮೇಲೆ ಓಡಾಡಿದಂತೆ ಜಲ್ಲಿಯ ಮೇಲೆ ನಡೆಯುತ್ತಿದ್ದ.

"ಏನೇ, ಕಾದ ಹಂಚಿನ ಮ್ಯಾಲೆ ನಿಂತಂಗೆ ಕುಣೀತೀಯ?"

"ನಿಮಗೆ ಚುಚ್ಚಲ್ವೇನ್ರಿ?"

"ಮನಸು ಅವನ ಮ್ಯಾಲಿದ್ರೆ ಯಾಕೆ ಚುಚ್ತೈತೆ? ನೀನು ಕಲ್ಲು ನೋಡ್ಕೊಂಡು ನಡೀತೀಯ."

ಆ ಮಾತು ಅವಳಿಗೆ ನಾಟಿತು. ನಿಜವೇ, ಲಿಂಗಪೂಜೆಗೆ ಕೂತಾಗಲೂ ಅವಳಿಗೆ ನೆನಪಾಗುತ್ತಿದ್ದದ್ದು ಉರಿಯುವ ಪಾದ. ಗಂಡನಿಗೆ ಶುಗರ್ ಬಂದು ಬಹಳ ವರ್ಷವಾಗಿತ್ತು. ನಡೆದರೆ ತಾನೇ ಇಳಿಯುತ್ತದೆಂದು ಮಾತ್ರೆಯನ್ನೂ ಬಿಟ್ಟಿದ್ದ. ಅದನ್ನೂ ಅವಳು ಭಕ್ತಿಯ ಲೆಕ್ಕಕ್ಕೇ ಸೇರಿಸಿದಳು. "ನಮ್ಮನೆಯವರ ಕಾಲು ಕಲ್ಲಾಗೈತೆ ಕಣಕ್ಕ" ಎಂದು ಪಕ್ಕದ ಮನೆಯ ದುರ್ಗಾಂಬಿಕಾ ಹತ್ತಿರ ಹೇಳಿಕೊಂಡಳು.

ಸಂಜೆ ಹೊತ್ತು, ಚರ್ಮ ಬಲಿಯಲೆಂದು, ಉಪ್ಪು ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂರುವುದು.

"ಇದು ಬೆಚ್ಚಗೂ ಇಲ್ಲ. ಹಂಡೆಯಿಂದ ಇನ್ನೊಂದು ಚೆಂಬು ಹಾಕು."

ಹಾಕಿದಳು. ಬೆರಳು ಅದ್ದಿ ಸರಕ್ಕನೆ ಎಳೆದುಕೊಂಡಳು. "ಸುಡ್ತೈತಲ್ರೀ."

"ನಿನಗೆ ಎಲ್ಲಾ ಸುಡ್ತೈತೆ" ಎಂದು ನಕ್ಕ. ಅವಳು ನಾಚಿಕೊಂಡು ಮತ್ತೊಂದು ಚೆಂಬು ಹೊಯ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ನೆಲ ಒರೆಸುವಾಗ ಬಚ್ಚಲಿನಿಂದ ಪಡಸಾಲೆವರೆಗೂ ನೆತ್ತರಿನ ಕಲೆ ಕಂಡಿತು. ತನ್ನದೇ ಇರಬೇಕೆಂದು ಕಾಲೆತ್ತಿ ನೋಡಿಕೊಂಡಳು. ಒಣಗಿತ್ತು. ಪೇಪರ್ ಓದುತ್ತಾ ಕೂತಿದ್ದ ಗಂಡನ ಬಲಗಾಲನ್ನು ಎತ್ತಿ ತಿರುಗಿಸಿದಳು. ಬೆಂದ ಚರ್ಮ ಸುಲಿದಿತ್ತು. ನಡುವೆ ಜಾಲಿ ಮುಳ್ಳೊಂದು ಮುರಿದು ಕೂತು, ಸುತ್ತ ಕಪ್ಪಗಾಗಿತ್ತು. ವಾಸನೆ ಬರುತ್ತಿತ್ತು.

"ಏನೈತೆ?" ಎಂದ ಅವನು, ಪೇಪರ್ ಇಳಿಸದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಪಿನ್ನು ಹಿಡಿದು, "ಕಣ್ಣು ಮುಚ್ಚಿ ಯಜಮಾನ್ರೇ. ಚುಚ್ಚಿದಾಗ ಹೇಳಿ" ಎಂದರು. ಅವನು ಒಳ್ಳೆ ಶಾಲೆ ಹುಡುಗನ ಹಾಗೆ ಬಿಗಿಯಾಗಿ ಮುಚ್ಚಿದ. ಡಾಕ್ಟರು ಬಲಗಾಲ ಹಿಮ್ಮಡಿಗೆ ಚುಚ್ಚಿದರು, ಬೆರಳುಗಳಿಗೆ ಚುಚ್ಚಿದರು. ಎಡಗಾಲಿಗೂ ಚುಚ್ಚಿದರು. ಪಕ್ಕದಲ್ಲಿ ನಿಂತಿದ್ದ ರುದ್ರಾಣಿಯ ಕಾಲ್ಬೆರಳು ಮುದುಡಿಕೊಂಡವು.

"ಹ್ಞೂಂ, ಶುರು ಮಾಡ್ರಿ ಡಾಕ್ಟ್ರೇ" ಎಂದ ಅವನು.

ಆಮೇಲೆ ಡಾಕ್ಟರು ಅವಳನ್ನು ಹೊರಗೆ ಕರೆದರು. ನರ ಸತ್ತು ವರ್ಷಗಳೇ ಆಗಿವೆ, ಶುಗರ್‌ನಿಂದ. ಬಲಗಾಲನ್ನು ಹರಡಿನ ಮೇಲಿನಿಂದ ಕತ್ತರಿಸಿ ತೆಗೆಯಬೇಕು. ಎಡಗಾಲಿನ ಬಗ್ಗೆಯೂ ಈಗಲೇ ಏನೂ ಹೇಳಲಾಗದು.

"ಸುಟ್ಟ ಗಾಯ ಇದೆಯಲ್ಲ, ಬಿಸಿನೀರು ಹಾಕಿದ್ದು ಯಾರು?"

"ನಾನೇ" ಎಂದಳು.

ಅವಳು ಒಳಗೆ ಬಂದಾಗ ಅವನು ದಿಂಬಿಗೆ ಒರಗಿ ಕೂತಿದ್ದ. "ತಂಡ ಹೊರಡಾಕೆ ಇನ್ನೂ ಟೈಮ್ ಐತೆ. ಅಷ್ಟರಾಗೆ ಗಾಯ ಮಾಯ್ತೈತಾ ಕೇಳಿದ್ಯಾ?"

"ಕೇಳ್ತೀನ್ರಿ."

"ಕೇಳು. ಬಾಳ ದಿನ ಮಲಗಿಸಿದ್ರೆ ಕಾಲು ಮತ್ತೆ ಮೆತ್ತಗಾಗ್ತಾವೆ."

ಅವಳು ಮಂಚದ ತುದಿಯಲ್ಲಿ ಕೂತು, ಹೊದಿಕೆಯೊಳಗೆ ಕೈ ಹಾಕಿ ಅವನ ಎಡಪಾದ ಹಿಡಿದಳು. ಹೆಬ್ಬೆರಳಿನ ಬುಡಕ್ಕೆ ಉಗುರು ಊರಿದಳು. ಇನ್ನೂ ಒತ್ತಿದಳು.

ಬಳ್ಳಾರಿ ದಾಟಿದ ಮೇಲೆ ನೆರಳಿಲ್ಲ, ಬೆಳಗಿನ ಜಾವವೇ ಹೊರಡಬೇಕು ಎಂದು ಅವನು ಹೇಳುತ್ತಲೇ ಇದ್ದ.